ಕೆಳಗಿನ ಪ್ಲಗ್ಗು

ಮನೆಯ ಬಟ್ಟೆಗೆ ಒಂದು ಬಕೆಟ್ಟು, ಗ್ಯಾರೇಜಿನ ಬಟ್ಟೆಗೆ ಇನ್ನೊಂದು. ಮೊದಲನೆಯದು ಮುಗಿದ ಮೇಲೆಯೇ ಅತ್ತೆ ಎರಡನೆಯದಕ್ಕೆ ಕೈ ಹಾಕುತ್ತಿದ್ದುದು. ಆ ಬೆಳಿಗ್ಗೆ ಸೊಸೆಯ ನೀಲಿ ಕೋಟನ್ನು ತಿಕ್ಕಿ ಪಕ್ಕಕ್ಕಿಟ್ಟು ಮಾವನ ಅಂಗಿಯನ್ನು ಕಲ್ಲಿನ ಮೇಲೆ ಹರವಿದರು. ಬಲತೋಳಿನ ಮೇಲೆ ಮೊಣಕೈವರೆಗೂ ಕೆಂಪು ಕಲೆ. ಸೋಪು ಹಚ್ಚಿದರೆ ಗುಲಾಬಿ ನೊರೆ ಬಂತು.

"ರೀ, ಸ್ವಲ್ಪ ಬನ್ನಿ ಇಲ್ಲಿ."

ಮಾವ ಚಹಾದ ಲೋಟ ಹಿಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಬಂದರು.

"ಕುರ್ಚಿ ಮೇಲೆ ಕೂತು ನೋಡ್ಕೊಳ್ಳೋರ ತೋಳಿಗೆ ಎಣ್ಣೆ ಹೇಗೆ ಹತ್ತುತ್ತೆ?"

"ಡಬ್ಬ ಉರುಳ್ತು. ಎತ್ತಿಟ್ಟೆ."

"ಮೊಣಕೈಯಲ್ಲಿ ಎತ್ತಿದ್ರಾ?"

"ಬಟ್ಟೆ ಒಗೆಯೋದು ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಯಾ?" ಎಂದು ಮಾವ ಒಳಗೆ ತಿರುಗಿದರು.

ಬೀದಿಯವರಿಗೆಲ್ಲ ಮಾವ ಗೇರ್ ಮೇಷ್ಟ್ರು. ಮನೆಯ ಮುಂಭಾಗವೇ ಗ್ಯಾರೇಜು. ಹಿಂದೆ ಮೂರು ಕೋಣೆ, ಒಂದು ಅಡುಗೆಮನೆ. ಬೆನ್ನು ಹಿಡಿದುಕೊಂಡ ಮೇಲೆ ಅವರು ಗಾಡಿಯ ಕೆಳಗೆ ಹೋಗುವುದನ್ನು ಬಿಟ್ಟಿದ್ದರು, ಅಥವಾ ಬಿಟ್ಟಿದ್ದೇನೆಂದು ಹೇಳುತ್ತಿದ್ದರು. ಮಗನಿಗೆ ಗ್ರೀಸು ತಾಗಿದರೆ ಮೈಯೆಲ್ಲ ದದ್ದು. ಅವನು ಪಾರ್ಸೆಲ್ ವ್ಯಾನು ಓಡಿಸುತ್ತಿದ್ದ. ಕೆಲಸ ಕಲಿತವಳು ಸೊಸೆ. ಆರು ವರ್ಷದ ಹಿಂದೆ ಚಹಾ ಕೊಡಲು ಬಂದವಳು ಮಾವನಿಗೆ ಟಾರ್ಚು ಹಿಡಿದು ನಿಂತಳು, ನಿಂತವಳು ಮತ್ತೆ ಒಳಗೆ ಹೋಗಲೇ ಇಲ್ಲ. ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವುದರಲ್ಲಿ ಈಗ ಆ ಸುತ್ತಿನಲ್ಲಿ ಅವಳನ್ನು ಮೀರಿಸುವವರು ಒಬ್ಬರೇ, ಅದು ತಾನು ಎಂದು ಮಾವನೇ ಹೇಳುತ್ತಿದ್ದರು.

ಆ ದಿನ ಸೊಸೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದಳು. ವಾಹನ ದುರಸ್ತಿ ಕಲಿಸುವ ಶಾಲೆಯೊಂದಕ್ಕೆ ಕಲಿಸುವವರು ಬೇಕಾಗಿದ್ದರು. ಬರವಣಿಗೆಯ ಪರೀಕ್ಷೆ ಆಗಿತ್ತು, ಕೈಕೆಲಸದ ಪರೀಕ್ಷೆ ಅಂದು. ಹೊರಡುವ ಮೊದಲು ಅವಳು ಮಾವನ ಕುರ್ಚಿಯ ಬಳಿ ನಿಂತಳು.

"ಮಾವ, ಆ ಕಾಗದ?"

"ಯಾವ ಕಾಗದ?"

"ಮರೆತ್ರಾ? ಹೋದ ವಾರ ನೀವೇ ಒಳ್ಳೇ ಹಾಳೆ ತರಿಸಿದ್ರಿ. ಗ್ಯಾರೇಜಿನ ಯಜಮಾನರ ಕಾಗದ ಬೇಕಂತೆ. ಆರು ವರ್ಷ ಕೆಲಸ ಮಾಡಿದ್ದಾಳೆ, ಯಾರೂ ಮೇಲೆ ನಿಲ್ಲದೆ ಗೇರ್‌ಬಾಕ್ಸ್ ಕೆಲಸ ಮಾಡ್ತಾಳೆ ಅಂತ ನಾಲ್ಕು ಸಾಲು."

"ಬರೀಬಹುದು. ಆತುರ ಏನು?"

"ಮುಂದಿನ ತಿಂಗಳ ಕೊನೆಯೊಳಗೆ ತಲುಪಬೇಕು. ಇಲ್ಲ ಅಂದ್ರೆ ಪರೀಕ್ಷೆ ಪಾಸಾದ್ರೂ ಪ್ರಯೋಜನ ಇಲ್ಲ."

"ಮೊದಲು ಪಾಸಾಗಮ್ಮ" ಎಂದು ಮಾವ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಸೊಸೆ ಪಾಸಾದಳು. ಕಾಗದ ಮಾತ್ರ ಬರಲಿಲ್ಲ.

ಪರೀಕ್ಷೆಯಾಗಿ ಹನ್ನೆರಡು ದಿನದ ಮೇಲೆ ಲಾಂಡ್ರಿಯಮ್ಮನ ಕಾರು ಹಗ್ಗ ಕಟ್ಟಿಸಿಕೊಂಡು ಗ್ಯಾರೇಜಿಗೆ ಬಂತು. ಮುಂದಿನ ಚಕ್ರಗಳ ಕೆಳಗೆ ಸಣ್ಣ ಗಾಲಿಗಳನ್ನು ಕೊಟ್ಟು ಎಳೆದು ತಂದಿದ್ದರು. ಹಿಂದಿನ ಸೀಟಿನ ತುಂಬ ಹೋಟೆಲಿನ ಚಾದರಗಳ ಗಂಟು. ಅದು ಹಳೆಯ ಕಾರು, ತಾನೇ ಗೇರು ಬದಲಿಸಿಕೊಳ್ಳುವ ಜಾತಿಯದು. ಪರೀಕ್ಷೆಯ ಹಿಂದಿನ ದಿನ ಸೊಸೆ ಅದರ ಎಣ್ಣೆ ಬದಲಾಯಿಸಿ ಕಳಿಸಿದ್ದಳು.

"ನಾಲ್ಕು ದಿನದಿಂದ ಊಳಿಡ್ತಾ ಇತ್ತು" ಎಂದಳು ಲಾಂಡ್ರಿಯಮ್ಮ. "ನಿಧಾನಕ್ಕೆ ಹೋದ್ರೆ ಸಣ್ಣಗೆ, ಜೋರಾಗಿ ಹೋದ್ರೆ ಜೋರಾಗಿ. ಇವತ್ತು ಸೇತುವೆ ಮೇಲೆ ಕಡಕ್ ಅಂತು, ಚಕ್ರ ನಿಂತೇ ಹೋಯ್ತು. ಹಿಂದೆ ಬಸ್ಸಿತ್ತು. ಏನಾದ್ರೂ ಆಗಿದ್ರೆ?"

"ಗೇರು ಬದಲಾದಾಗ ಸದ್ದು ಬದಲಾಗ್ತಿತ್ತಾ?" ಸೊಸೆ ಕೇಳಿದಳು.

"ಇಲ್ಲ. ಒಂದೇ ರಾಗ."

"ಹಾಗಾದ್ರೆ ಗೇರಲ್ಲ, ಡಿಫರೆನ್ಷಿಯಲ್ಲು. ಮಾವ, ಈಗಲೇ ಇಳಿಸಿ ಬಿಚ್ಚೋಣ."

"ಬೇಡ" ಎಂದರು ಮಾವ.

"ಯಾಕೆ?"

"ಬೇಡ ಅಂದೆ. ಬಿಡಿಭಾಗ ಬರ್ಲಿ."

"ಏನು ಬಿಡಿಭಾಗ? ಒಳಗೆ ಏನಾಗಿದೆ ಅಂತ ನೋಡದೆ ಏನು ತರಿಸ್ತೀರಿ?"

ಲಾಂಡ್ರಿಯಮ್ಮ ಇಬ್ಬರ ಮುಖವನ್ನೂ ನೋಡಿದಳು. "ಮೇಷ್ಟ್ರೇ, ನಿಮ್ಮ ಕೈಗೆ ಅಂತ ತಂದ ಗಾಡಿ ಇದು. ಹೆಂಗಸಿನ ಕೈಗೆ ಹೋಗಿದ್ದೇ ತಪ್ಪಾಯ್ತು."

ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ಸುಮ್ಮನಿರಲಿಲ್ಲ. "ನಿನ್ನ ಲಾಂಡ್ರಿ ನಡೆಸ್ತಿರೋದು ಯಾವ ಗಂಡಸಮ್ಮ?"

ಲಾಂಡ್ರಿಯಮ್ಮ ಗಂಟುಗಳನ್ನು ಇಳಿಸಿಕೊಂಡು ಹೋದಳು. ಮಾವ ಕಾರಿನ ಮೇಲೆ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟರು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಬೇಯಿಸಿದ ಆಲೂಗಡ್ಡೆಯ ಪಾತ್ರೆ ಕೈಯಿಂದ ಕೈಗೆ ಹೋಯಿತು, ಮಾತು ಮಾತ್ರ ಯಾರೂ ಎತ್ತಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳಿಗೆ ಅದು ತಡೆಯಲಿಲ್ಲ. ಗಂಟಲು ದೊಡ್ಡದೆಂದು ಅವಳನ್ನು ಎಲ್ಲರೂ ಹಾರ್ನು ಎಂದೇ ಕರೆಯುತ್ತಿದ್ದರು.

"ಅಮ್ಮಾ, ಲಾಂಡ್ರಿ ಕಾರಿಗೆ ನೀನು ಎಣ್ಣೆ ಹಾಕೋದು ಮರೆತ್ಯಂತೆ? ಎದುರು ಮನೆಯವರು ಹೇಳಿದ್ರು."

"ನಾನು ಮರೀಲಿಲ್ಲ."

ಮಗ ತಟ್ಟೆಯಿಂದ ತಲೆ ಎತ್ತದೆ ಹೇಳಿದ, "ಅವತ್ತು ನಿನ್ನ ಮನಸ್ಸೆಲ್ಲ ಪರೀಕ್ಷೆ ಮೇಲಿತ್ತು. ನಂಗೆ ಉಪ್ಪು ಕೇಳಿದ್ರೆ ಸಕ್ಕರೆ ಕೊಟ್ಟೆ."

"ಉಪ್ಪಿನ ಡಬ್ಬಿಗೂ ಡಿಫರೆನ್ಷಿಯಲ್ಲಿಗೂ ಏನ್ರೀ ಸಂಬಂಧ?"

"ಮನುಷ್ಯರು ಮರೀತಾರೆ ಅಂದೆ. ಒಪ್ಕೊಂಡ್ರೆ ಮುಗೀತು."

"ಮಾಡದೇ ಇರೋದನ್ನ ಹೇಗೆ ಒಪ್ಕೊಳ್ಳಲಿ? ಗೇರಿನ ಕಡೆಗೆ ತೆಳು ಎಣ್ಣೆ, ಡಿಫರೆನ್ಷಿಯಲ್ ಕಡೆಗೆ ದಪ್ಪ ಎಣ್ಣೆ ಒಂದು ಲೀಟರ್. ನನ್ನ ಕೈಯಾರೆ ಹಾಕಿದ್ದೀನಿ. ಮಾವ, ಬಿಚ್ಚಿ ನೋಡೋಣ ಅಂದ್ರೆ ನೀವು ಯಾಕೆ ತಡೀತೀರಿ?"

ಮಾವ ನೀರು ಕುಡಿದು ಲೋಟ ಇಟ್ಟರು. "ಕೆಲವು ಬಿಚ್ಚದೇ ಇದ್ರೆ ಒಳ್ಳೇದು. ನಿನಗೇ ಒಳ್ಳೇದು."

"ಹಾಗಂದ್ರೆ?"

"ಊಟ ಮಾಡು."

ಸೊಸೆ ಊಟ ಮಾಡಲಿಲ್ಲ. ತಟ್ಟೆಯನ್ನು ಎತ್ತಿ ಮೋರಿಯ ಬಳಿ ಇಟ್ಟ ಸದ್ದಿಗೆ ಹಾರ್ನು ಕೂಡ ಬಾಯಿ ಮುಚ್ಚಿಕೊಂಡಿತು.

ಅಲ್ಲಿಂದ ಎರಡು ವಾರ ಆ ಮನೆಯಲ್ಲಿ ಒಬ್ಬರು ಕೋಣೆಗೆ ಬಂದರೆ ಇನ್ನೊಬ್ಬರು ಎದ್ದು ಹೋಗುವಂತಾಯಿತು. ಸೊಸೆ ಯಾವ ಗಾಡಿಯ ಕೆಲಸ ಮುಗಿಸಿದರೂ ಮಾವ ಕುರ್ಚಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ಸೊಸೆ ಅದನ್ನು ಗಮನಿಸಿ ಸ್ಪ್ಯಾನರನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು. ಅವಳ ಲೆಕ್ಕದಲ್ಲಿ ವಿಷಯ ಸರಳವಿತ್ತು: ಅವಳು ಶಾಲೆಗೆ ಹೋದರೆ ಗ್ಯಾರೇಜಿಗೆ ಕೈಯಿಲ್ಲ. ಅದಕ್ಕೇ ಮಾವ ಕಾಗದವನ್ನೂ ಬರೆಯುತ್ತಿಲ್ಲ, ಕಾರನ್ನೂ ಬಿಚ್ಚಲು ಬಿಡುತ್ತಿಲ್ಲ. ಹೆಸರು ಕೆಟ್ಟರೆ ಯಾವ ಶಾಲೆ ತೆಗೆದುಕೊಳ್ಳುತ್ತದೆ? ಮಗ ತನ್ನ ಮಟ್ಟಿಗೆ ಹೆಂಡತಿ ಏನನ್ನೋ ಮುಚ್ಚಿಡುತ್ತಿದ್ದಾಳೆಂದೇ ತಿಳಿದಿದ್ದ. ಅವಳ ಕೋಟಿನ ಜೇಬಿನಲ್ಲಿ ಶಾಲೆಯಿಂದ ಬಂದ ಕಾಗದ ಸಿಕ್ಕಿದಾಗ ಎರಡು ಸಲ ಓದಿ ಹಾಗೆಯೇ ಇಟ್ಟ. ಕೆಲಸ ಸಿಕ್ಕರೆ ಬೆಳಿಗ್ಗೆ ಏಳಕ್ಕೇ ಹೊರಡಬೇಕು, ಮಗುವಿನ ಜಡೆ ಹಾಕುವವರು ಯಾರು ಎಂದು ತಾಯಿಯನ್ನು ಕೇಳಿದ.

"ನಿನಗೆ ಕೈ ಇಲ್ವಾ? ಪಾರ್ಸೆಲ್ಲಿಗೆ ಹಗ್ಗ ಕಟ್ಟೋ ಕೈಗೆ ಜಡೆ ಹಾಕೋಕೆ ಬರಲ್ವಾ?" ಎಂದರು ಅತ್ತೆ.

ಅತ್ತೆಯ ಸಂಶಯ ಬೇರೆ ಕಡೆ ಇತ್ತು. ಒಂದು ಮಧ್ಯಾಹ್ನ ಬಟಾಣಿ ಬಿಡಿಸುತ್ತಾ ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು.

"ನಲವತ್ತು ವರ್ಷದಿಂದ ಈ ಮನೇಲಿ ಡಿಫರೆನ್ಷಿಯಲ್ಲು ಡಿಫರೆನ್ಷಿಯಲ್ಲು ಅಂತ ಕೇಳ್ತಿದ್ದೀನಿ. ಅದೇನು ಅಂತ ಒಬ್ಬರೂ ಹೇಳಿಲ್ಲ. ನೀನು ಹೇಳು."

ಸೊಸೆ ಮನಸ್ಸಿಲ್ಲದ ಮನಸ್ಸಿನಿಂದ ಎದ್ದಳು. "ಬನ್ನಿ ಅತ್ತೆ, ನನ್ನ ತೋಳು ಹಿಡ್ಕೊಳ್ಳಿ. ಮೇಜಿನ ಸುತ್ತ ನಡೆಯೋಣ. ನಾವಿಬ್ಬರೂ ಒಂದು ಗಾಡಿಯ ಎರಡು ಚಕ್ರ."

ಇಬ್ಬರೂ ತೋಳಿಗೆ ತೋಳು ಸೇರಿಸಿ ನಡೆದರು. ಮೇಜಿನ ಮೂಲೆಯಲ್ಲಿ ತಿರುಗುವಾಗ ಹೊರಗಡೆ ಇದ್ದ ಅತ್ತೆ ಓಡಬೇಕಾಯಿತು.

"ಅಯ್ಯೋ, ನಿಧಾನ ಕಣೇ! ನೀನು ಅಲ್ಲೇ ನಿಂತಿದ್ದೀಯ, ನಾನು ಊರು ಸುತ್ತಬೇಕಾ?"

"ಅದೇ ಅತ್ತೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಕಂಬಿಗೆ ಬಿಗಿದ್ರೆ ಒಂದು ಉಜ್ಜುತ್ತೆ, ಇಲ್ಲ ಕಂಬಿ ಮುರಿಯುತ್ತೆ. ಇಂಜಿನ್ನಿನ ಬಲವನ್ನ ಎರಡಕ್ಕೂ ಹಂಚಿ, ಯಾರಿಗೆ ಎಷ್ಟು ಬೇಕೋ ಅಷ್ಟು ಓಡೋಕೆ ಬಿಡೋದೇ ಡಿಫರೆನ್ಷಿಯಲ್ಲು."

"ಗೇರ್‌ಬಾಕ್ಸು?"

"ಏರಿಗೆ ನಿಧಾನವಾಗಿ ಹೆಚ್ಚು ಬಲ, ಸಮ ರಸ್ತೆಗೆ ಓಟ. ಅದನ್ನ ಬದಲಿಸೋದು ಅದು. ಲಾರಿಗಳಲ್ಲಿ ಗೇರ್‌ಬಾಕ್ಸು ಮುಂದೆ, ಡಿಫರೆನ್ಷಿಯಲ್ಲು ಹಿಂದಿನ ಚಕ್ರಗಳ ನಡುವೆ, ಮಧ್ಯ ಉದ್ದ ಕಂಬಿ. ಲಾಂಡ್ರಿ ಕಾರಿನಂಥದ್ದರಲ್ಲಿ ಇಂಜಿನ್ನೂ ಮುಂದೆ, ಓಡಿಸೋ ಚಕ್ರವೂ ಮುಂದೆ. ಅದಕ್ಕೆ ಎರಡನ್ನೂ ಒಂದೇ ಪೆಟ್ಟಿಗೇಲಿ ಸೇರಿಸಿದ್ದಾರೆ. ಟ್ರಾನ್ಸ್‌ಆಕ್ಸಲ್ ಅಂತ."

"ಒಂದೇ ಪೆಟ್ಟಿಗೆ ಅಂದ್ರೆ ಒಂದೇ ಎಣ್ಣೆ ಅಲ್ವಾ? ನಿಮ್ಮ ಮಾವ ಯಾವಾಗಲೂ ಅದನ್ನೇ ಹೇಳೋರು."

"ಸಾಮಾನ್ಯವಾಗಿ ಹೌದು. ಆದ್ರೆ ಈ ಹಳೇ ಕಾರಿನ ಪೆಟ್ಟಿಗೆ ಒಳಗೆ ಗೋಡೆ ಇದೆ. ಗೇರಿನ ಕಡೆಗೆ ತೆಳು ಕೆಂಪು ಎಣ್ಣೆ, ಇನ್ನೊಂದು ಕಡೆಗೆ ಜೇನಿನಂಥ ದಪ್ಪ ಎಣ್ಣೆ. ಕಾರಿನ ಡ್ರಾಯರಿನಲ್ಲಿದ್ದ ಪುಸ್ತಕದಲ್ಲಿ ಓದ್ದೆ."

ಮತ್ತೆ ಬಟಾಣಿಗೆ ಕೂತಿದ್ದ ಅತ್ತೆಯ ಕೈ ನಿಂತಿತು. "ಕೆಂಪು ಎಣ್ಣೆ ಇನ್ಯಾವುದಕ್ಕಾದ್ರೂ ಹಾಕ್ತೀರಾ?"

"ಆ ವಾರ ಇನ್ಯಾವುದಕ್ಕೂ ಇಲ್ಲ. ಯಾಕತ್ತೆ?"

"ಸುಮ್ಮನೆ ಕೇಳ್ದೆ."

ಮರುದಿನ ಬೆಳಿಗ್ಗೆ ಮಾವನ ಅಂಗಿ, ಸೊಸೆಯ ಕೋಟು ಎರಡೂ ಒಗೆಯದೆ ಬಕೆಟ್ಟಿನಲ್ಲೇ ಇದ್ದವು. ಅದರ ಮರುದಿನವೂ ಇದ್ದವು.

"ಅಂಗಿ ಎಲ್ಲಿ?" ಮಾವ ಬನಿಯನ್ನಿನಲ್ಲಿ ನಿಂತು ಕೇಳಿದರು.

"ಬಕೆಟ್ಟಲ್ಲಿ. ಆ ಕಾರು ಬಿಚ್ಚೋವರೆಗೂ ಗ್ಯಾರೇಜಿನ ಬಟ್ಟೆ ನಾನು ಮುಟ್ಟಲ್ಲ."

"ನಿನಗೇನು ಅದರ ಉಸಾಬರಿ?"

"ಆ ಟಾರ್ಪಾಲು ನೋಡಿ ನೋಡಿ ನನಗೆ ಊಟ ಸೇರ್ತಿಲ್ಲ. ಮನೇಲಿ ಹೆಣ ಇಟ್ಕೊಂಡ ಹಾಗಿದೆ."

ಬನಿಯನ್ನಿನಲ್ಲಿ ಎಷ್ಟು ದಿನ ಗಿರಾಕಿಗಳ ಎದುರು ಕೂರುವುದು? ಭಾನುವಾರ ಮಾವ ತಾವೇ ಇಟ್ಟಿಗೆಗಳನ್ನು ತೆಗೆದರು. ಕಾಗದ ತಲುಪಲು ಆಗ ಒಂಬತ್ತು ದಿನ ಉಳಿದಿತ್ತು.

ಪೆಟ್ಟಿಗೆ ಇಳಿಸಲು ಮಗನೂ ಉದ್ದ ತೋಳಿನ ಕೈಗವಸು ಹಾಕಿಕೊಂಡು ಬಂದ. ಹಾರ್ನು ಟೂಲ್ ಪೆಟ್ಟಿಗೆಯ ಮೇಲೆ ಹತ್ತಿ ಕೂತಳು. ಅತ್ತೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡರು. ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಸೊಸೆ ಮೊದಲು ಗೇರಿನ ಕಡೆಯ ಎಣ್ಣೆ ಇಳಿಸಿದಳು. ಕೆಂಪು ಎಣ್ಣೆ ಅಳತೆಯ ಪಾತ್ರೆ ತುಂಬಿ, ಇನ್ನೂ ಬಂತು, ನೊರೆನೊರೆಯಾಗಿ.

"ಇದೇನು, ನಾನು ಹಾಕಿದ್ದಕ್ಕಿಂತ ಒಂದು ಲೀಟರ್ ಜಾಸ್ತಿ ಇದೆ!"

ಅವಳು ಇನ್ನೊಂದು ಕಡೆಯ ಕೆಳಗಿನ ಪ್ಲಗ್ಗು ತೆಗೆದಳು. ಒಂದು ಹನಿಯೂ ಬೀಳಲಿಲ್ಲ. ಮುಚ್ಚಳ ಬಿಚ್ಚಿದಾಗ ಸುಟ್ಟ ವಾಸನೆ ಬಾಗಿಲವರೆಗೂ ಬಂತು. ಒಳಗಿನ ದೊಡ್ಡ ಹಲ್ಲಿನ ಚಕ್ರ ಬಿಸಿಗೆ ನೀಲಿಗಟ್ಟಿತ್ತು, ಮೂರು ಹಲ್ಲು ಉದುರಿ ತಳದಲ್ಲಿ ಬಿದ್ದಿದ್ದವು.

"ಒಣಗಿದೆ" ಎಂದ ಮಗ. "ಎಣ್ಣೆನೇ ಇಲ್ಲ. ಈಗಲಾದ್ರೂ ಒಪ್ಕೋ."

"ನಾನು ಹಾಕಿದ್ದೆ! ಒಂದು ಲೀಟರ್, ದಪ್ಪ ಎಣ್ಣೆ..."

"ಅದೇ ನೀನು ಮಾಡಿದ ತಪ್ಪು!" ಮಾವನಿಗೆ ತಡೆಯಲಾಗಲಿಲ್ಲ. "ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಒಂದು ಪೆಟ್ಟಿಗೆಗೆ ಒಂದು ಎಣ್ಣೆ ಅಂತ ಮೊದಲನೇ ದಿನ ಕಲಿಸಿದ್ದೆ ನಿಂಗೆ. ಕೆಂಪು ಎಣ್ಣೆ ಇರಬೇಕಾದ ಕಡೆ ಲಾರಿಗೆ ಹಾಕೋ ದಪ್ಪ ಎಣ್ಣೆ ಬಿಟ್ಟಿದ್ದೆ. ಜೇನಿನ ಹಾಗೆ ಎಳೆ ಎಳೆಯಾಗಿ ಇಳೀತು ಅದು!"

ಸೊಸೆ ಸ್ಪ್ಯಾನರನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು.

"ಯಾವಾಗ ಇಳೀತು, ಮಾವ?"

ಮಾವ ಕುರ್ಚಿಯ ಕಡೆ ತಿರುಗಿದರು.

"ನಾನು ಹಾಕಿದ ಎಣ್ಣೆ ಎಳೆ ಎಳೆಯಾಗಿ ಇಳಿದಿದ್ದನ್ನ ನೀವು ಯಾವಾಗ ನೋಡಿದ್ರಿ?"

"ಪರೀಕ್ಷೆ ಹಿಂದಿನ ರಾತ್ರಿ ನೀವು ಊಟಕ್ಕೆ ಬರದೆ ಅನ್ನ ಎರಡು ಸಲ ಬಿಸಿ ಮಾಡ್ದೆ" ಎಂದರು ಅತ್ತೆ ಸ್ಟೂಲಿನಿಂದಲೇ. "ಸೊಸೆ ಅಡುಗೆಮನೇಲಿ ನನ್ನ ಜೊತೆ ಇದ್ದಳು. ತೋಳಿನ ಕೆಂಪು ಕಲೆ ಮೂರು ಒಗೆತಕ್ಕೂ ಹೋಗಿಲ್ಲ. ಈಗ ಹೇಳಿ, ಡಬ್ಬ ಉರುಳ್ತಾ?"

ಮಾವ ಕುರ್ಚಿಗೆ ಕೈ ಊರಿದರು, ಕೂರಲಿಲ್ಲ. "ನೀನು ಒಳಗೆ ಹೋದ ಮೇಲೆ ಒಂದು ಸಲ ನೋಡ್ತೀನಮ್ಮ. ಯಾವಾಗಲೂ."

"ಯಾವಾಗಲೂ?"

"ಪ್ರತಿ ಗಾಡಿನೂ."

"ಆರು ವರ್ಷ? ಬೆನ್ನು ಹಿಡ್ಕೊಂಡಿದ್ರೂ?"

"ಮಲಗಿಕೊಂಡೇ ಗಾಡಿ ಕೆಳಗೆ ಹೋಗ್ತೀನಿ. ಗಿರಾಕಿಗೆ ನಾನೇ ಜವಾಬ್ದಾರಿ ಅಲ್ವಾ? ಐದು ವರ್ಷದಿಂದ ಒಂದು ತಪ್ಪೂ ಸಿಕ್ಕಿರಲಿಲ್ಲ. ಅವತ್ತು ಸಿಕ್ತು ಅಂದ್ಕೊಂಡೆ. ಮರುದಿನ ನಿನ್ನ ಪರೀಕ್ಷೆ. ಎದೆಗುಂದಿಬಿಡ್ತೀಯ ಅಂತ ಹೇಳಲಿಲ್ಲ. ಯಾರೂ ಮೇಲೆ ನಿಲ್ಲದೆ ಮಾಡ್ತಾಳೆ ಅಂತ ಬರೆಯೋಕೂ ಕೈ ಬರಲಿಲ್ಲ. ನಾನೇ ದಪ್ಪ ಎಣ್ಣೆ ಇಳಿಸಿ, ಇಳಿದಷ್ಟೇ ಕೆಂಪು ಎಣ್ಣೆ ಮೇಲಿನ ಕೊಳವೇಲಿ ಹಾಕ್ದೆ."

"ಇಂಜಿನ್ ಚಾಲೂ ಮಾಡಿ ಅಳತೆ ನೋಡಲಿಲ್ವಾ? ನೋಡಿದ್ರೆ ಜಾಸ್ತಿ ಆಗಿದೆ ಅಂತ ಗೊತ್ತಾಗ್ತಿತ್ತು."

"ಚಾಲೂ ಮಾಡಿದ್ರೆ ನಿನಗೆ ಕೇಳಿಸ್ತಿತ್ತಲ್ಲ."

ಸೊಸೆ ಮಾವನ ಕೈ ಹಿಡಿದು ಬೆಂಚಿನ ಬಳಿಗೆ ಕರೆತಂದಳು. ಅವರ ತೋರುಬೆರಳನ್ನು ಪೆಟ್ಟಿಗೆಯೊಳಗೆ ಇಳಿಸಿದಳು. ಬೆರಳು ಗೋಡೆಗೆ ತಾಗಿತು. ಅದರ ಉದ್ದಕ್ಕೂ ಹೋಯಿತು, ಮಧ್ಯದ ರಬ್ಬರು ಸೀಲನ್ನು ಸುತ್ತಿತು, ಇನ್ನೊಂದು ತುದಿ ಮುಟ್ಟಿತು. ಎಲ್ಲಿಯೂ ದಾರಿಯಿರಲಿಲ್ಲ.

"ಮೇಲೆ ಹಾಕಿದ್ದು ಈ ಕಡೆ ಬರೋದೇ ಇಲ್ಲ" ಎಂದರು ಮಾವ, ತಮಗೆ ತಾವೇ ಹೇಳಿಕೊಳ್ಳುವಂತೆ. "ಇಂಥದ್ದು ನಾನು ಬಿಚ್ಚಿರಲಿಲ್ಲ."

"ಒಂದು ಮಾತು ಕೇಳಿದ್ರೆ ಆಗ್ತಿತ್ತು."

"ಕಲಿಸಿದವನು ಕೇಳೋದು ಹೇಗಮ್ಮ?"

"ಬಾಯಿಂದ" ಎಂದಳು ಹಾರ್ನು ಟೂಲ್ ಪೆಟ್ಟಿಗೆಯ ಮೇಲಿಂದ.

ಅಂದು ಸೊಸೆ ನೀಲಿ ಕೋಟನ್ನು ಮೊಳೆಗೆ ನೇತುಹಾಕಿ ಒಳಗೆ ಹೋದವಳು ನಾಲ್ಕು ದಿನ ಗ್ಯಾರೇಜಿಗೆ ಬರಲಿಲ್ಲ. ಅಡುಗೆ ಮಾಡಿದಳು, ನೆಲ ಒರೆಸಿದಳು, ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದಳು. ಮಾವ ಊಟಕ್ಕೆ ಬಂದರೆ ಬಡಿಸುತ್ತಿದ್ದಳು, ಮಾತಿಲ್ಲ. ಮಗ ಮೂರನೆಯ ದಿನ ಮಗಳ ಜಡೆ ಹಾಕಲು ಕೂತ. ಒಂದು ಮೇಲೆ, ಒಂದು ಕೆಳಗೆ ಬಂತು.

"ಹೀಗೆ ಶಾಲೆಗೆ ಹೋದ್ರೆ ನಗ್ತಾರೆ ಅಪ್ಪ."

"ನಾಳೆ ಸರಿ ಹೋಗುತ್ತೆ" ಎಂದು ಅವನು ಹೆಂಡತಿಯ ಕಡೆ ನೋಡಿದ. ಅವಳು ನೋಡಲಿಲ್ಲ. "ಏ, ನಾನು ಅವತ್ತು ಒಪ್ಕೋ ಅಂದಿದ್ದು..."

"ಅಂದ್ರಿ. ಎರಡು ಸಲ ಅಂದ್ರಿ. ಟೀ ಆರುತ್ತೆ, ಕುಡೀರಿ."

ನಾಲ್ಕನೆಯ ದಿನ ಹಾರ್ನು ಶಾಲೆಯಿಂದ ಓಡಿ ಬಂದು ಸುದ್ದಿ ಹೇಳಿದಳು. "ತಾತ ಲಾಂಡ್ರಿ ಅಂಗಡೀಲಿ ನಿಂತಿದ್ರು! ಗಿರಾಕಿಗಳೆಲ್ಲ ಇದ್ರು. ನನ್ನ ಕೈಯಿಂದ ಹಾಳಾಯ್ತು, ನನ್ನ ಸೊಸೆ ಸರಿಯಾಗಿ ಮಾಡಿದ್ದಳು ಅಂದ್ರು. ಲಾಂಡ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಹಾಗೇ ಹಿಡ್ಕೊಂಡು ಕೇಳ್ತಾ ಇದ್ರು. ಒಂದು ಚಾದರ ಸುಟ್ಟೇ ಹೋಯ್ತು."

"ಸುಳ್ಳು ಹೇಳ್ಬೇಡ" ಎಂದಳು ಸೊಸೆ.

"ಚಾದರದ್ದು ಸುಳ್ಳು. ಮಿಕ್ಕಿದ್ದು ನಿಜ."

ಅಂದು ಸಂಜೆ ಮಾವ ಊಟದ ಮೇಜನ್ನು ಒರೆಸಿ ಒಳ್ಳೆಯ ಹಾಳೆಗಳನ್ನು ತೆಗೆದರು. ಅತ್ತೆ ಎರಡು ಸಲ ಹಾದು ಹೋದರು. ಎರಡು ಸಲವೂ ಅವರು ಕೈಯಿಂದ ಬರೆದದ್ದನ್ನು ಮುಚ್ಚಿದರು. ಊಟಕ್ಕೆ ಮೇಜು ಸಿಗಲಿಲ್ಲ; ಎಲ್ಲರೂ ಅಡುಗೆಮನೆಯ ನೆಲದ ಮೇಲೆ ಕೂತು ಬ್ರೆಡ್ಡು ಮೊಟ್ಟೆ ತಿಂದರು.

"ನಾಲ್ಕು ಸಾಲಿಗೆ ಇಷ್ಟು ಹೊತ್ತಾ?" ಮಗ ಪಿಸುಗುಟ್ಟಿದ.

"ಎರಡನೇ ಹಾಳೆ ತಗೊಂಡ್ರು" ಎಂದಳು ಬಾಗಿಲ ಸಂದಿಯಿಂದ ನೋಡುತ್ತಿದ್ದ ಹಾರ್ನು.

ಮರುದಿನ ಬೆಳಿಗ್ಗೆ ಮಾವ ಅಂಟು ಹಾಕಿ ಮುಚ್ಚಿದ ಲಕೋಟೆಯನ್ನು ಸೊಸೆಯ ಮುಂದೆ ಚಾಚಿದರು.

"ತಗೊ. ನೀನೇ ಹಾಕು. ನಾನು ಹಾಕ್ತೀನಿ ಅಂದ್ರೆ ಹಾಕಿದೆನೋ ಇಲ್ವೋ ಅಂತ ನಿನಗೆ ಸಂಶಯ ಇರುತ್ತೆ."

"ಏನು ಬರ್ದಿದ್ದೀರಿ ಮಾವ?"

"ಬರೀಬೇಕಾದ್ದು" ಎಂದು ಅವರು ಗ್ಯಾರೇಜಿಗೆ ಹೋದರು.

ಮಗ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ದಪ್ಪ ಹಾಳೆ, ಏನೂ ಕಾಣಲಿಲ್ಲ. "ಎರಡು ಪುಟ ಇದೆ ಕಣೆ. ಒಳ್ಳೇದು ಹೇಳೋಕೆ ಎರಡು ಪುಟ ಯಾಕೆ? ಮುಂಗೋಪಿ ಅಂತಾನೋ, ಎದುರು ಮಾತಾಡ್ತಾಳೆ ಅಂತಾನೋ ಬರ್ದಿದ್ರೆ? ಕೆಟಲ್ಲು ಕುದೀತಾ ಇದೆ. ಹಬೆಗೆ ಹಿಡಿದ್ರೆ ಅಂಟು ಬಿಡುತ್ತೆ, ಓದಿ ಮತ್ತೆ ಮುಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ."

ಅತ್ತೆ ಕೆಟಲ್ಲನ್ನೂ ಸೊಸೆಯನ್ನೂ ನೋಡಿದರು.

ಸೊಸೆ ಗಂಡನ ಕೈಯಿಂದ ಲಕೋಟೆ ತೆಗೆದುಕೊಂಡಳು. ಕೆಟಲ್ಲಿನ ಬಳಿ ಒಂದು ಕ್ಷಣ ನಿಂತಳು. ಆಮೇಲೆ ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡಳು.

ಅಂಚೆ ಕಚೇರಿಯಲ್ಲಿ ಗುಮಾಸ್ತ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟ. "ತೂಕ ಜಾಸ್ತಿ ಇದೆ. ಇನ್ನೊಂದು ಸ್ಟಾಂಪು ಬೇಕು. ಏನಿದೆ ಒಳಗೆ?"

"ಗೊತ್ತಿಲ್ಲ."

"ಕಳಿಸ್ತಿರೋರು ನೀವಲ್ವಾ?"

"ಬರೆದವರು ನಮ್ಮ ಮಾವ."

"ಏನಿದೆ ಅಂತ ನೋಡದೇ ಕಳಿಸ್ತೀರಾ?"

ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಸೊಸೆ ಸ್ಟಾಂಪಿನ ಹಿಂಬದಿಯನ್ನು ನೀರಿನ ಬಟ್ಟಲಿಗೆ ತಾಗಿಸಿ, ಲಕೋಟೆಯ ಮೂಲೆಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಹ್ಞೂಂ, ಕಳಿಸಿ" ಎಂದಳು.

ಗುಮಾಸ್ತ ಮುದ್ರೆ ಒತ್ತಿ ಲಕೋಟೆಯನ್ನು ಚೀಲಕ್ಕೆ ಎಸೆದ.